ಇಂಗ್ಲೆಂಡಿನ ಹಳ್ಳಿ ಕಡೆ ಕೌನ್ಸಿಲಲ್ಲಿ ಊರಿನವರ ಪಕ್ಷ ಗೆದ್ದಿದ್ದು ಹೇಗೆ?

ಸಂಪಿಗೆರಸ್ತೆ_ಬೆಂಗಳೂರು:
ನಮ್ಮ ತಂಗಿ ಇಂಗ್ಲೆಂಡಲ್ಲಿ ಸಾಫ್ರನ್ ವಾಲ್ಡನ್ ಅನ್ನೋ ಊರಲ್ಲಿದ್ದಾಳೆ, ಎಸೆಕ್ಸ್ ಕೌಂಟಿ, ಸುತ್ತ ಬರೀ ಹೊಲ, ಚಿಕ್ಕ ಚಿಕ್ಕ ಹಳ್ಳಿ. ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ, ಆದ್ರೂ ವೋಟರ್ ಲಿಸ್ಟಿಗೆ ಹೆಸರು ಸೇರ್ಸಿ ಅಂತ ಲೆಟರ್ ಬಂದಿದೆಯಂತೆ. ಅದೇ ನೆಪದಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಕೌನ್ಸಿಲ್, ಅಟಲ್ಸ್‌ಫರ್ಡ್ ಅಂತ, ಅದರ ಹಳೇ ರಿಸಲ್ಟೆಲ್ಲ ನೋಡ್ತಾ ಕೂತೆ. 2003ರಲ್ಲಿ ಲಿಬರಲ್ ಡೆಮಾಕ್ರಾಟ್, 2007ರಿಂದ ಮೂರು ಸಲ ಕನ್ಸರ್ವೇಟಿವ್, 2019ರಲ್ಲಿ ನೋಡಿದ್ರೆ ‘ರೆಸಿಡೆಂಟ್ಸ್ ಫಾರ್ ಅಟಲ್ಸ್‌ಫರ್ಡ್’ ಅಂತ ಊರಿನವರೇ ಕಟ್ಟಿರೋ ಪಕ್ಷಕ್ಕೆ 39ರಲ್ಲಿ 26 ಸೀಟು. ದೊಡ್ಡ ಪಾರ್ಟಿಗಳನ್ನೆಲ್ಲ ಪಕ್ಕಕ್ಕಿಟ್ಟು ಇವರು ಹೇಗೆ ಗೆದ್ರು, ಗೆದ್ದು ಏನ್ ಮಾಡಿದ್ರು? ನಮ್ಮ ಏರಿಯಾದ ಅಸೋಸಿಯೇಷನ್‌ನವರು ವರ್ಷಗಟ್ಟಲೆ ಓಡಾಡೋದು ನೋಡ್ತಿದೀನಿ, ಅದಕ್ಕೇ ಕೇಳ್ತಿರೋದು, ಗೊತ್ತಿರೋರು ಹೇಳಿ.

ಹಳೇಮತಪೆಟ್ಟಿಗೆ:
ಮೊದಲು ನಿಮ್ಮ ತಂಗಿ ವಿಷಯ. ಕಾಮನ್‌ವೆಲ್ತ್ ದೇಶದವರು ಅಲ್ಲಿ ಕಾನೂನು ಪ್ರಕಾರ ವಾಸ ಇದ್ರೆ ಓಟು ಹಾಕಬಹುದು, ಹೆಸರು ಖಂಡಿತ ಸೇರ್ಸೋಕೆ ಹೇಳಿ. 2023ರಿಂದ ಫೋಟೋ ಐಡಿ ಕಡ್ಡಾಯ, ಇಂಡಿಯನ್ ಪಾಸ್‌ಪೋರ್ಟ್ ನಡೆಯುತ್ತೆ.

ಈ ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳು 1972ರ ಕಾಯ್ದೆಯಿಂದ ಬಂದಿದ್ದು, ಮೊದಲ ಎಲೆಕ್ಷನ್ 1973ರಲ್ಲಿ, ಕೆಲಸ ಶುರು ಮಾಡಿದ್ದು 1974 ಏಪ್ರಿಲ್ 1ಕ್ಕೆ. ಮೇಲೆ ಕೌಂಟಿ, ಕೆಳಗೆ ಡಿಸ್ಟ್ರಿಕ್ಟ್, ನಮ್ಮ ಜಿಲ್ಲಾ ಪಂಚಾಯ್ತಿ ತಾಲ್ಲೂಕು ಪಂಚಾಯ್ತಿ ಥರ ಅನ್ಕೊಳ್ಳಿ. ಸ್ಕೂಲು, ರಸ್ತೆ ಕೌಂಟಿದು, ಕಸ ಎತ್ತೋದು ಮನೆ ಕಟ್ಟೋಕೆ ಪರ್ಮಿಷನ್ ಕೊಡೋದು ಡಿಸ್ಟ್ರಿಕ್ಟ್‌ದು. ಹಳ್ಳಿ ಕಡೆ ಇಂಡಿಪೆಂಡೆಂಟ್‌ಗಳು ಮೊದಲಿಂದಲೂ ಜಾಸ್ತಿ, ಎಷ್ಟೋ ವಾರ್ಡಲ್ಲಿ ಒಬ್ಬರೇ ನಿಂತು ಅವಿರೋಧ ಆಯ್ಕೆ ಆಗೋದೂ ಮಾಮೂಲು. ಇನ್ನೊಂದು ವಿಷಯ, ಕೆಲವು ವಾರ್ಡಿಗೆ ಎರಡು ಮೂರು ಸೀಟು ಇರುತ್ತೆ, ಎಷ್ಟು ಸೀಟೋ ಅಷ್ಟು ಓಟು ನಿಮ್ಮ ಕೈಲಿ, ಹಾಗಾಗಿ ಒಂದು ಓಟು ಪಾರ್ಟಿಗೆ ಹಾಕಿ ಇನ್ನೊಂದನ್ನ ಪಕ್ಕದ ಬೀದಿಯವರಿಗೆ ಹಾಕೋಕೆ ಆಗುತ್ತೆ. ಊರಿನ ಪಕ್ಷಗಳು ಬೇರು ಬಿಡೋಕೆ ಇದು ತುಂಬ ಸಹಾಯ ಮಾಡುತ್ತೆ ಅಂತ ನನ್ನ ಅಭಿಪ್ರಾಯ.

ನಕ್ಷೆ_ನೋಡುವವ:
ಇಲ್ಲಿ ಅಸಲಿ ವಿಷಯ ಮನೆ ಮತ್ತು ವಿಮಾನ. ಸ್ಟಾನ್‌ಸ್ಟೆಡ್ ಏರ್‌ಪೋರ್ಟ್ ಇರೋದು ಇದೇ ಡಿಸ್ಟ್ರಿಕ್ಟಲ್ಲಿ. ಹೊಸ ಮನೆಗಳು ಎಲ್ಲೆಲ್ಲಿ ಬರಬೇಕು ಅಂತ ಕೌನ್ಸಿಲ್ ಒಂದು ಲೋಕಲ್ ಪ್ಲಾನ್ ಮಾಡಬೇಕು, ಕನ್ಸರ್ವೇಟಿವ್ ಆಡಳಿತದಲ್ಲಿ ಮಾಡಿದ್ದನ್ನ 2014ರಲ್ಲಿ ಸರ್ಕಾರದ ಇನ್ಸ್‌ಪೆಕ್ಟರ್ ಒಪ್ಪಲಿಲ್ಲ, ಪ್ಲಾನ್ ಇಲ್ಲ ಅಂದ್ರೆ ಬಿಲ್ಡರ್‌ಗಳಿಗೆ ಎಲ್ಲಿ ಬೇಕಾದ್ರೂ ಅರ್ಜಿ ಹಾಕೋಕೆ ದಾರಿ, ಜನಕ್ಕೆ ಸಿಟ್ಟು ಬಂದಿದ್ದೇ ಅಲ್ಲಿ. 2018ರ ನವೆಂಬರಲ್ಲಿ ಏರ್‌ಪೋರ್ಟ್‌ಗೆ ವರ್ಷಕ್ಕೆ 3.5 ಕೋಟಿ ಪ್ರಯಾಣಿಕರ ಮಿತಿಯನ್ನ 4.3 ಕೋಟಿಗೆ ಏರಿಸೋಕೆ ಕೌನ್ಸಿಲ್ ಹೂಂ ಅಂತು. ಮುಂದಿನ ಮೇ ತಿಂಗಳಲ್ಲೇ ಎಲೆಕ್ಷನ್, ರಿಸಲ್ಟ್ ನೀವೇ ನೋಡಿದೀರಲ್ಲ.

ಆದ್ರೆ ಗೆದ್ದ ಮೇಲಿನ ಕಥೆ ಕಷ್ಟದ್ದು. 2020ರ ಜನವರಿಯಲ್ಲಿ ಪ್ಲಾನಿಂಗ್ ಕಮಿಟಿ ಅದೇ ಏರ್‌ಪೋರ್ಟ್ ಅರ್ಜಿಯನ್ನ ತಿರಸ್ಕರಿಸ್ತು, ಏರ್‌ಪೋರ್ಟ್‌ನವರು ಅಪೀಲ್ ಹೋದ್ರು, 2021ರ ಮೇನಲ್ಲಿ ಅವರೇ ಗೆದ್ರು, ಖರ್ಚೂ ಕೌನ್ಸಿಲ್ ತಲೆ ಮೇಲೆ. ಲೋಕಲ್ ಪ್ಲಾನಿನ ಎರಡನೇ ಕರಡನ್ನೂ 2020ರಲ್ಲಿ ವಾಪಸ್ ತಗೋಬೇಕಾಯ್ತು. 2022ರಲ್ಲಿ ಸರ್ಕಾರ, ನಿಮ್ಮ ತೀರ್ಮಾನಗಳು ಅಪೀಲಲ್ಲಿ ನಿಲ್ತಿಲ್ಲ ಅಂತ, ದೊಡ್ಡ ಪ್ರಾಜೆಕ್ಟಿನವರು ಕೌನ್ಸಿಲ್ ಬಿಟ್ಟು ನೇರ ಪ್ಲಾನಿಂಗ್ ಇನ್ಸ್‌ಪೆಕ್ಟರೇಟ್‌ಗೇ ಹೋಗಬಹುದು ಅನ್ನೋ ಹಾಗೆ ಮಾಡ್ತು. ಇಷ್ಟೆಲ್ಲ ಆದ್ರೂ 2023ರಲ್ಲಿ ಸೀಟು ಕಮ್ಮಿಯಾದ್ರೂ ಬಹುಮತ ಅವರದ್ದೇ. ಜನ ಅವರನ್ನ ಕೈಬಿಡಲಿಲ್ಲ, ನನಗೆ ತುಂಬ ಮುಖ್ಯ ಅನ್ಸೋದು ಇದೇ.

ಸಂಪಿಗೆರಸ್ತೆ_ಬೆಂಗಳೂರು:
ತುಂಬ ಥ್ಯಾಂಕ್ಸ್ ಸಾರ್, ಏರ್‌ಪೋರ್ಟ್ ವಿಷಯ ಗೊತ್ತೇ ಇರಲಿಲ್ಲ. ಇದೊಂದೇ ಕೌನ್ಸಿಲಾ ಅಥವಾ ಬೇರೆ ಕಡೆನೂ ಹೀಗೆ ಆಗಿದೆಯಾ?

ಕೋರಮಂಗಲ_ಮತದಾರ:
ಅದೇ 2023ರಲ್ಲಿ ಪಕ್ಕದ ಸಫೋಕ್ ಕೌಂಟಿಯ ಮಿಡ್ ಸಫೋಕಲ್ಲಿ ಗ್ರೀನ್ ಪಾರ್ಟಿ 34ರಲ್ಲಿ 24 ಗೆದ್ದು ಪೂರ್ತಿ ಬಹುಮತ ತಗೊಂಡ್ರು, ಬ್ರಿಟನ್ನಿನಲ್ಲಿ ಆ ಪಕ್ಷಕ್ಕೆ ಅದೇ ಮೊದಲು. ಹಳ್ಳಿ ಜನ ಯಾವಾಗ್ಲೂ ಕನ್ಸರ್ವೇಟಿವ್‌ಗೇ ಅಂತ ಬರಿಯೋರು ಇದನ್ನ ನೋಡಬೇಕು.

ನಮಗೂ ಅವರಿಗೂ ಇರೋ ವ್ಯತ್ಯಾಸ ಹೇಳ್ಲೇಬೇಕು. 2015ರಲ್ಲಿ ಬಿಬಿಎಂಪಿಯ 198 ವಾರ್ಡಲ್ಲಿ ಬಿಜೆಪಿ 100 ಗೆದ್ದಿತ್ತು, ಆದ್ರೆ ಮೇಯರ್ ಆಯ್ಕೆಗೆ ಶಾಸಕರು, ಸಂಸದರೂ ಓಟು ಹಾಕೋದ್ರಿಂದ ಕಾಂಗ್ರೆಸ್ ಜೆಡಿಎಸ್ ಸೇರಿ ಮೇಯರ್ ಮಾಡ್ಕೊಂಡ್ರು. ಅಲ್ಲಿ ಕೌನ್ಸಿಲ್ ಲೀಡರನ್ನ ಆರಿಸೋದು ಕೌನ್ಸಿಲರ್‌ಗಳು ಮಾತ್ರ, ಎಂಪಿ ಬಂದು ಕೈ ಎತ್ತೋ ಹಾಗಿಲ್ಲ. ನಮ್ಮಲ್ಲಿ 2020ರ ಸೆಪ್ಟೆಂಬರಲ್ಲಿ ಅವಧಿ ಮುಗೀತು, ಆಮೇಲೆ ಆಡಳಿತಾಧಿಕಾರಿ, 2025ರ ಸೆಪ್ಟೆಂಬರಲ್ಲಿ ಐದು ಪಾಲಿಕೆ ಆದಾಗ್ಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ತಾಲ್ಲೂಕು, ಜಿಲ್ಲಾ ಪಂಚಾಯ್ತಿಗಳ ಅವಧಿನೂ 2021ಕ್ಕೇ ಮುಗಿದು ಸುಮ್ನೆ ಬಿದ್ದವು. ಅಟಲ್ಸ್‌ಫರ್ಡ್‌ದಾದ್ರೆ 1979ರಿಂದ ನಾಲ್ಕು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, 2023ರ ತನಕ ಒಂದೂ ತಪ್ಪಿಲ್ಲ. ಅಸೋಸಿಯೇಷನ್‌ನವರು ಎಷ್ಟೇ ಓಡಾಡಿದ್ರೂ ನಿಲ್ಲೋಕೆ ಎಲೆಕ್ಷನ್ನೇ ಇಲ್ಲದಿದ್ರೆ ಏನ್ ಮಾಡ್ತಾರೆ ಹೇಳಿ.

ಹಳೇಮತಪೆಟ್ಟಿಗೆ:
ಈಗ ಅಲ್ಲೂ ಬದಲಾಗ್ತಿದೆ. ಕೌಂಟಿ, ಡಿಸ್ಟ್ರಿಕ್ಟ್ ಎರಡನ್ನೂ ತೆಗೆದು ಒಂದೇ ಕೌನ್ಸಿಲ್ ಮಾಡ್ತೀವಿ ಅಂತ ಸರ್ಕಾರ 2024ರ ಡಿಸೆಂಬರಲ್ಲಿ ಹೇಳ್ತು, ಅದಕ್ಕೇ 2025ರ ಮೇನಲ್ಲಿ ಆಗಬೇಕಿದ್ದ ಎಸೆಕ್ಸ್ ಕೌಂಟಿ ಎಲೆಕ್ಷನ್ನನ್ನ ಒಂದು ವರ್ಷ ಮುಂದಕ್ಕೆ ಹಾಕಿದ್ರು. ಹಾಗಾಗಿ ನಿಮ್ಮ ತಂಗಿಗೆ ಅಟಲ್ಸ್‌ಫರ್ಡ್ ಅನ್ನೋ ಹೆಸರಲ್ಲಿ ಓಟು ಹಾಕೋ ಅವಕಾಶ ಮುಂದೆ ಸಿಗದೇನೂ ಹೋಗಬಹುದು, ಹೊಸ ಕೌನ್ಸಿಲ್‌ಗಂತೂ ಹಾಕಬಹುದು, ಲೆಟರ್‌ಗೆ ಉತ್ತರ ಕಳ್ಸಿಬಿಡೋಕೆ ಹೇಳಿ.