ಬೆರಳಿನಲ್ಲೇ ನುಡಿಸುವವರಿಗೆ ಎಲೆಕ್ಟ್ರಿಕ್ ಬ್ಲೂಸ್: ನಿಮ್ಮ ಅನುಭವ ತಿಳಿಸಿ

ಪ್ರಶ್ನೆ (ಸರಸ್ವತಿಪುರಂ, ಮೈಸೂರು):
ಏಳು ವರ್ಷಗಳಿಂದ ಅಕೂಸ್ಟಿಕ್ ಗಿಟಾರನ್ನು ಪಿಕ್ (ತಂತಿ ಮೀಟುವ ಚೂರು) ಇಲ್ಲದೆ ನುಡಿಸುತ್ತಿದ್ದೇನೆ. ಹೆಬ್ಬೆರಳಿಗೆ ಬೇಸ್ (ತಗ್ಗಿನ ಸ್ವರಗಳು), ಉಳಿದ ಬೆರಳುಗಳಿಗೆ ಹಾಡು. ಹೋದ ತಿಂಗಳು ಹಳೆಯ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಕೊಂಡೆ. ಅಮೆರಿಕದ ಬ್ಲೂಸ್ ಸಂಗೀತ ನುಡಿಸಲು ಹೋದರೆ ಬರೀ ಗದ್ದಲ. ಮುಟ್ಟದ ತಂತಿಗಳೂ ಕೂಗುತ್ತವೆ. ಪಿಕ್ ಹಿಡಿದರೆ ಕೈ ನನ್ನದಲ್ಲ ಅನ್ನಿಸುತ್ತದೆ. ಪಿಕ್ ಕಲಿಯಲೇಬೇಕೆ?

ಉತ್ತರ (ಮಂಡ್ಯ):
ಬೇಕಿಲ್ಲ. ಬ್ಲೂಸ್ ಗಿಟಾರ್ ವಾದಕರಾದ ಆಲ್ಬರ್ಟ್ ಕಾಲಿನ್ಸ್, ಹ್ಯೂಬರ್ಟ್ ಸಮ್ಲಿನ್ ಬೆರಳಿನಲ್ಲೇ ನುಡಿಸಿದವರು. ನಿಮ್ಮ ತೊಂದರೆ ಇರುವುದು ಪಿಕ್‌ನಲ್ಲಲ್ಲ, ತಂತಿಯನ್ನು ಸುಮ್ಮನಾಗಿಸುವುದರಲ್ಲಿ. ಅಕೂಸ್ಟಿಕ್‌ನಲ್ಲಿ ನಾದ ಉಳಿಯಲಿ ಎಂದು ಹೆಣಗುತ್ತೇವೆ. ಇಲ್ಲಿ ಆಂಪ್ (ಧ್ವನಿವರ್ಧಕ) ಅದನ್ನು ಬಿಡುವುದೇ ಇಲ್ಲ. ದಪ್ಪ ತಂತಿಗಳ ಮೇಲೆ ಬಲ ಹೆಬ್ಬೆರಳನ್ನು ಒರಗಿಸಿ, ಎಡಗೈ ತೋರುಬೆರಳಿನ ಬುಡ ಸಣ್ಣ ತಂತಿಗಳನ್ನು ಹಗುರವಾಗಿ ತಾಗಿರಲಿ. ದಿನಕ್ಕೆ ಹತ್ತು ನಿಮಿಷ ಆಂಪ್‌ನ ಗೇನ್ (ಸಣ್ಣ ಸದ್ದನ್ನೂ ಹಿಗ್ಗಿಸುವ ಗುಂಡಿ) ಏರಿಸಿ ಅಭ್ಯಾಸ ಮಾಡಿ. ತಪ್ಪೆಲ್ಲ ಕಿವಿಗೆ ರಾಚುತ್ತದೆ.

ಇನ್ನೊಂದು ನನಗೆ ತಡವಾಗಿ ತಿಳಿಯಿತು. ಮೊದಲ ಸಲ ಗೆಳೆಯರ ಜೊತೆ ಕೂತಾಗ ನಾನು ಅಭ್ಯಾಸಬಲದಿಂದ ಬೇಸ್, ತಾಳ, ಹಾಡು ಎಲ್ಲವನ್ನೂ ಒಬ್ಬನೇ ನುಡಿಸುತ್ತಿದ್ದೆ. ಬೇಸ್ ಗಿಟಾರ್ ಹಿಡಿದಿದ್ದವರು ನಿಲ್ಲಿಸಿ, “ನನಗೂ ಸ್ವಲ್ಪ ಕೆಲಸ ಉಳಿಸಿ ಸ್ವಾಮಿ” ಎಂದರು. ಅಂದಿನಿಂದ ಎರಡು ಸ್ವರ ನುಡಿಸಿ ಕಾಯುವುದನ್ನು ಕಲಿಯುತ್ತಿದ್ದೇನೆ. ಇನ್ನೂ ಪೂರ್ತಿ ಬಂದಿಲ್ಲ.

ಉತ್ತರ (ಅಗ್ರಹಾರ, ಮೈಸೂರು):
ನಾನು ವೀಣೆಯಿಂದ ಗಿಟಾರಿಗೆ ಬಂದವಳು. ವೀಣೆ ಶೇಷಣ್ಣನವರ ಊರಿನಲ್ಲಿದ್ದು ತಂತಿ ಎಳೆಯಲು ಹೆದರಿದರೆ ಹೇಗೆ! ಅಕೂಸ್ಟಿಕ್‌ನ ಮೂರನೆಯ ತಂತಿಗೆ ಸಾಮಾನ್ಯವಾಗಿ ಸುತ್ತು ಇರುತ್ತದೆ, ಎಲೆಕ್ಟ್ರಿಕ್‌ನದು ಬರಿಯ ತಂತಿ; ಹಾಗಾಗಿ ಅದು ಸುಲಭವಾಗಿ ಬಾಗುತ್ತದೆ. ಅದರ ಒಂಬತ್ತನೆಯ ಫ್ರೆಟ್ (ಮೆಟ್ಟು) ನುಡಿಸಿ ಕೇಳಿಸಿಕೊಳ್ಳಿ, ಆಮೇಲೆ ಏಳನೆಯದನ್ನು ಎಳೆದು ಅದೇ ಸ್ವರ ಮುಟ್ಟಿಸಿ. ಉಂಗುರ ಬೆರಳೊಂದರಿಂದಲೇ ಅಲ್ಲ, ಹಿಂದಿನ ಎರಡು ಬೆರಳುಗಳ ಆಸರೆಯಿಂದ, ಮಣಿಕಟ್ಟು ತಿರುಗಿಸಿ.

ಬ್ಲೂಸ್‌ನ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. ಆದರೆ ರಾಗವೇ ಅದೆಂದುಕೊಂಡು ಮೋಸ ಹೋಗಬೇಡಿ: ಇಲ್ಲಿ ಗಾಂಧಾರ ಕೆಳಗಿನ ಸಾಧಾರಣಕ್ಕೂ ಮೇಲಿನ ಅಂತರಕ್ಕೂ ನಡುವೆ ತೂಗಾಡುತ್ತದೆ, ಆ ತೂಗಾಟದಲ್ಲೇ ಬ್ಲೂಸ್‌ನ ಜೀವವಿದೆ. ಷಫಲ್ ಎಂಬ ಕುಂಟುನಡೆಯ ಲಯಕ್ಕೆ “ತಕಿಟ” ಹೇಳಿಕೊಂಡು “ಕಿ”ಯನ್ನು ನುಂಗಿಬಿಡಿ. ಬ್ಲೂಸ್‌ನ ಒಂದು ಸುತ್ತು ಹನ್ನೆರಡು ಬಾರ್ (ಒಂದೊಂದಕ್ಕೆ ನಾಲ್ಕು ಎಣಿಕೆ), ಎಂದರೆ ಆದಿತಾಳದ ಆರು ಆವರ್ತ. ಮೊದಲ ಎರಡು ಇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ಮೂರನೆಯದು ಎ, ನಾಲ್ಕನೆಯದು ಮತ್ತೆ ಇ, ಐದನೆಯದರಲ್ಲಿ ಲಘುವಿಗೆ (ಮೊದಲ ನಾಲ್ಕು ಎಣಿಕೆ) ಬಿ, ಎರಡು ದ್ರುತಗಳಿಗೆ (ಉಳಿದ ನಾಲ್ಕು) ಎ, ಆರನೆಯದರಲ್ಲಿ ಇ.

ಉತ್ತರ (ಕುವೆಂಪುನಗರ, ಮೈಸೂರು):
ಮಂಡ್ಯದವರ ಮಾತನ್ನು ಅರ್ಧ ಒಪ್ಪುತ್ತೇನೆ. ಗಟ್ಟಿ ಷಫಲ್‌ಗೆ ಬರಿಬೆರಳು ಸಾಲದು. ಹೆಬ್ಬೆರಳಿಗೆ ತೊಡಿಸುವ ಪಿಕ್ ನೋಡಿ. ಫ್ರೆಡ್ಡಿ ಕಿಂಗ್ ಹೆಬ್ಬೆರಳಿಗೆ ಪ್ಲಾಸ್ಟಿಕ್, ತೋರುಬೆರಳಿಗೆ ಉಕ್ಕಿನ ಪಿಕ್ ತೊಡುತ್ತಿದ್ದರು. ಸಣ್ಣ ತಂತಿ 0.009 ಅಥವಾ 0.010 ಇಂಚಿನದಿರಲಿ. ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ ಆಂಪ್ ಆರಿಸಿ, ಮೊದಲು ಮನೆಯ ಅರ್ಥಿಂಗ್ ನೋಡಿಸಿ. ನಮ್ಮ ಬಾಡಿಗೆ ಮನೆಯಲ್ಲಿ ಅದು ಇರಲೇ ಇಲ್ಲ.

ಪ್ರಶ್ನೆ ಕೇಳಿದವರಿಂದ, ಮೂರು ವಾರದ ಬಳಿಕ:
ಎಲ್ಲರಿಗೂ ಧನ್ಯವಾದ. 0.010ರ ತಂತಿ ಹಾಕಿಸಿದೆ. ಗದ್ದಲ ಅರ್ಧಕ್ಕಿಳಿದಿದೆ, ಹೆಬ್ಬೆರಳಿನ ಪಿಕ್ ಮಾತ್ರ ಜಾರಿ ಜಾರಿ ಬೀಳುತ್ತಿದೆ. ತೊಡೆಯ ಮೇಲೆ ತಾಳ ಹಾಕಿಕೊಂಡರೆ ಆರು ಆವರ್ತವೂ ಸರಿ, ಗಿಟಾರ್ ಎತ್ತಿಕೊಂಡರೆ ಐದನೆಯದರಲ್ಲಿ ದಾರಿ ತಪ್ಪುತ್ತದೆ. ಮಂಡ್ಯದವರೇ, ಭಾನುವಾರ ಬೆಳಗಿನ ರೈಲಿಗೆ ಬಂದರೆ ನಿಮ್ಮ ಆ ಬೇಸ್ ಗೆಳೆಯರು ಸಿಗುತ್ತಾರೆಯೇ?