ಸಹಾಯ ಬೇಕು: ಶಿಕ್ಷಣ ಪದವಿ ಆದ್ಮೇಲೆ ಔಟ್‌ರೀಚ್, ಮೌಲ್ಯಮಾಪನದ ಕೆಲಸಕ್ಕೆ ದಾರಿ ಯಾವುದು?

ಎಲ್ಲರಿಗೂ ನಮಸ್ಕಾರ. ಶಿಕ್ಷಣದಲ್ಲಿ ಪದವಿ ಮುಗಿಸಿದ್ದೀನಿ. ಮ್ಯೂಸಿಯಂ, ವಿಜ್ಞಾನ ಕೇಂದ್ರಗಳು ಶಾಲಾ ಮಕ್ಕಳಿಗೆ ನಡೆಸೋ ಕಾರ್ಯಕ್ರಮಗಳಲ್ಲಿ (ಔಟ್‌ರೀಚ್) ಕೆಲಸ ಮಾಡಬೇಕು, ಅದರಿಂದ ಮಕ್ಕಳು ನಿಜವಾಗ್ಲೂ ಏನಾದ್ರೂ ಕಲಿತ್ರಾ ಅಂತ ಅಳೆಯಬೇಕು (ಮೌಲ್ಯಮಾಪನ) ಅನ್ನೋದು ನನ್ನಾಸೆ.

ಸ್ವಯಂಸೇವಕಿಯಾಗಿ ಒಂದು ವಿಜ್ಞಾನ ಕಾರ್ಯಾಗಾರದಲ್ಲಿದ್ದೆ. ಕೊನೆಗೆ ಕೊಟ್ಟ ಫೀಡ್‌ಬ್ಯಾಕ್ ಹಾಳೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ನಗುಮುಖಕ್ಕೇ ಟಿಕ್ ಹಾಕಿದ್ರು. ಆದ್ರೆ ಒಂದು ವೈರ್ ಬಿಚ್ಚಿದ್ರೆ ಬಲ್ಬ್ ಯಾಕೆ ಆರುತ್ತೆ ಅಂತ ಕೇಳಿದಾಗ ಸುಮಾರು ಮಕ್ಕಳು ತಡವರಿಸಿದ್ರು. ತರಬೇತಿಯ ಪರಿಣಾಮ ಅಳೆಯೋಕೆ ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ (ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ) ಆ ಹಾಳೆ ಮೊದಲನೆಯದನ್ನಷ್ಟೇ ಅಳೆದಿತ್ತು. ಈ ಕೆಲಸ ಕಲೀಲೇಬೇಕು ಅನ್ನಿಸಿದ್ದು ಆಗಲೇ.

ಲಾಜಿಕ್ ಮಾಡೆಲ್ (ಕಾರ್ಯಕ್ರಮದ ಚಟುವಟಿಕೆಗಳಿಂದ ಯಾವ ಫಲಿತಾಂಶ ಬರಬೇಕು ಅಂತ ತೋರಿಸೋ ನಕ್ಷೆ), ಕಾರ್ಯಕ್ರಮಕ್ಕೆ ಮುಂಚೆ ಮಾಡೋ ಪೂರ್ವ ಪರೀಕ್ಷೆ, ಆಮೇಲೆ ಮಾಡೋ ಉತ್ತರ ಪರೀಕ್ಷೆ ಬಗ್ಗೆ ಓದ್ಕೊಂಡೆ. ಎಕ್ಸೆಲ್ ಬರುತ್ತೆ, ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸೋ ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲೀತಿದೀನಿ. ಅರ್ಜಿಗಳನ್ನೂ ಹಾಕ್ತಾನೇ ಇದೀನಿ. ಔಟ್‌ರೀಚ್‌ನೋರು ಕಾರ್ಯಕ್ರಮ ನಡೆಸಿದ ಅನುಭವ ಕೇಳ್ತಾರೆ. ಮೌಲ್ಯಮಾಪನದೋರು ಸಂಖ್ಯಾಶಾಸ್ತ್ರ, ಜೊತೆಗೆ ನಾನೇ ಬರೆದ ವರದಿ ಕೇಳ್ತಾರೆ. ಸಿಕ್ಕಿಹಾಕಿಕೊಂಡಿರೋದು ಇಲ್ಲೇ.

ಈ ಕ್ಷೇತ್ರದಲ್ಲಿರೋರು ದಯವಿಟ್ಟು ಹೇಳಿ: ಮೊದಲು ಔಟ್‌ರೀಚ್ ಕೆಲಸಕ್ಕೆ ಸೇರಿ ಅಲ್ಲಿಂದ ಮೌಲ್ಯಮಾಪನಕ್ಕೆ ಹೋಗೋದು ಒಳ್ಳೇದಾ, ಇಲ್ಲಾ ಸಂಶೋಧನಾ ವಿಧಾನಗಳಲ್ಲಿ ಸ್ನಾತಕೋತ್ತರ ಪದವಿ ಮಾಡ್ಕೊಂಡೇ ಬರಬೇಕಾ? ಕೆಲಸ ಸಿಗೋ ಮುಂಚೆ ಒಂದು ಮಾದರಿ ವರದಿ ಬರೆಯೋಕೆ ದತ್ತಾಂಶ ಎಲ್ಲಿಂದ ತಂದ್ರಿ?