ಕಲ್ಟಿವೇಟರ್ ಮೇಲೆ ಬಿತ್ತನೆ ಪೆಟ್ಟಿಗೆ: ಹಾಕಿಸಿದವರು ಸ್ವಲ್ಪ ಹೇಳಿ

ಕೇಳಿದವರು, ಮಧುಗಿರಿ ತಾಲ್ಲೂಕು

ನಮ್ಮದು ಆರು ಎಕರೆ ಕೆಂಪು ಮಣ್ಣಿನ ಖುಷ್ಕಿ. ನಾಲ್ಕು ಎಕರೆ ಕಡಲೆಕಾಯಿ, ಉಳಿದದ್ದು ರಾಗಿ. ಮನೆಯಲ್ಲಿ 39 ಎಚ್‌ಪಿ ಟ್ರ್ಯಾಕ್ಟರ್ ಇದೆ, 9 ಹಲ್ಲಿನ ಸ್ಪ್ರಿಂಗ್ ಕಲ್ಟಿವೇಟರ್ ಇದೆ. ಎತ್ತು ಮಾರಿ ವರ್ಷಗಳಾದವು. ಕೂರಿಗೆ ಹಿಂದೆ ನಡೆದು ಬಟ್ಟಲಿಗೆ ಬೀಜ ಬಿಡುವವರೂ ಈಗ ಸಿಗುವುದಿಲ್ಲ. ಇರುವ ಕಲ್ಟಿವೇಟರ್ ಮೇಲೇ ಬಿತ್ತನೆ ಪೆಟ್ಟಿಗೆ ಕೂರಿಸಿ ಕೊಡುತ್ತೇವೆ ಅಂತ ಒಬ್ಬರು ಬಂದಿದ್ದರು. ಕಡಲೆಬೀಜ ಒಡೆಯುತ್ತಾ? ಅದೇ ಪೆಟ್ಟಿಗೆಯಲ್ಲಿ ರಾಗಿಯೂ ಆಗುತ್ತಾ? ಅಥವಾ ಬೇರೆ ಸೀಡ್ ಡ್ರಿಲ್ಲೇ ತಗೊಳ್ಳುವುದು ವಾಸಿನಾ? ಮೃಗಶಿರಾ ಮಳೆಗೆ ಮುಂಚೆ ತೀರ್ಮಾನ ಮಾಡಬೇಕು.

ಪಾವಗಡದಿಂದ

ಕಡಲೆಕಾಯಿಗೆ ಧಾರಾಳವಾಗಿ ಹಾಕಿಸಿ. ನಮ್ಮ ಕಡೆ ಸುತ್ತ ಆಂಧ್ರ, ಅನಂತಪುರದ ಕಡೆಯಿಂದ ಟ್ರ್ಯಾಕ್ಟರ್ ಗೊರ್ರು (ಕೂರಿಗೆಗೆ ಅಲ್ಲಿಯ ಹೆಸರು) ಬಂದು ಎಷ್ಟೋ ಕಾಲವಾಯಿತು. ಎತ್ತಿನ ಕೂರಿಗೆ ಈಗ ಅಲ್ಲೊಂದು ಇಲ್ಲೊಂದು ಅಷ್ಟೇ.

ಆದರೆ ಒಂದು ಮಾತು. ಎಲ್ಲರೂ ಪೆಟ್ಟಿಗೆ ನೋಡುತ್ತಾರೆ. ನೀವು ಮೊದಲು ಹಲ್ಲು ನೋಡಿ. ಕಲ್ಟಿವೇಟರ್ ಮಾಡಿರುವುದು ಮಣ್ಣು ಕೆದಕುವುದಕ್ಕೆ, ಒಂದೇ ಆಳಕ್ಕೆ ಬೀಜ ಇಡುವುದಕ್ಕಲ್ಲ. ಪೆಟ್ಟಿಗೆ ಎಷ್ಟೇ ಒಳ್ಳೆಯದಿದ್ದರೂ ಬೀಜ ಒಂದು ಕಡೆ ಒಂದು ಇಂಚಿಗೆ, ಇನ್ನೊಂದು ಕಡೆ ನಾಲ್ಕು ಇಂಚಿಗೆ ಬಿದ್ದರೆ ಪೈರು ಒಟ್ಟಿಗೆ ಹುಟ್ಟುವುದಿಲ್ಲ. ಕಡಲೆಬೀಜಕ್ಕೆ ಎರಡು ಇಂಚು, ಅಂದರೆ 5 ಸೆಂ.ಮೀ. ಆಳ ಸರಿ. ಹದ, ಅಂದರೆ ಮಣ್ಣಿನ ತೇವ, ಮೇಲೆ ಆರಿದ್ದರೆ ಚೂರು ಕೆಳಗೆ, ಅಷ್ಟೇ.

ನಮ್ಮ ಊರಲ್ಲಿ ಒಬ್ಬರ ಹೊಲದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ತಡವಾಗಿ ಹುಟ್ಟಿತ್ತು. ಬೀಜದ ಅಂಗಡಿಯವನನ್ನು ಬೈಯುತ್ತಿದ್ದರು. ತಡವಾದ ಸಾಲು ಅಗೆದು ನೋಡಿದರೆ ಬೀಜ ಆಳದಲ್ಲಿತ್ತು. ಕಲ್ಟಿವೇಟರ್‌ನಲ್ಲಿ ಹಲ್ಲು ಎರಡು ಅಡ್ಡಪಟ್ಟಿಯ ಮೇಲೆ ಇರುತ್ತವೆ ಅಲ್ವಾ, ಒಂದು ಮುಂದೆ, ಒಂದು ಹಿಂದೆ. ಟಾಪ್ ಲಿಂಕ್ (ಟ್ರ್ಯಾಕ್ಟರ್‌ಗೂ ಕಲ್ಟಿವೇಟರ್‌ಗೂ ನಡುವೆ ಮೇಲಿರುವ ತಿರುಪಿನ ಸರಳು) ಗಿಡ್ಡ ಆದರೆ ಮೂತಿ ಮುಂದಕ್ಕೆ ಬಾಗಿ ಮುಂದಿನ ಹಲ್ಲು ಆಳಕ್ಕೆ ಹೋಗುತ್ತವೆ, ಹಿಂದಿನವು ತೇಲುತ್ತವೆ. ಸಿಮೆಂಟ್ ನೆಲದ ಮೇಲೆ ಇಳಿಸಿ, ಟಾಪ್ ಲಿಂಕ್ ತಿರುಗಿಸಿ, ಎಲ್ಲಾ ಗುಳ (ಹಲ್ಲಿನ ತುದಿಯ ಕಬ್ಬಿಣ) ಒಟ್ಟಿಗೆ ನೆಲ ಮುಟ್ಟುವ ಹಾಗೆ ಮಾಡಿ. ಗುಳ ಸವೆದು ಒಂದೊಂದು ಒಂದೊಂದು ಉದ್ದ ಇದ್ದರೆ ಬದಲಾಯಿಸಿ. ಪೆಟ್ಟಿಗೆಗಿಂತ ಮುಂಚೆ ಈ ಖರ್ಚು ಮಾಡಿ.

ನಿಮ್ಮದು ಸ್ಪ್ರಿಂಗ್ ಹಲ್ಲು. ಕಲ್ಲು ತಾಗಿದರೆ ಹಿಂದಕ್ಕೆ ಬಾಗುತ್ತದೆ, ಹಲ್ಲು ಮುರಿಯುವುದಿಲ್ಲ, ಅದು ಅನುಕೂಲ. ಆದರೆ ಬಾಗಿದ ಕಡೆಯೆಲ್ಲ ಬೀಜ ಮೇಲೆ ಬೀಳುತ್ತದೆ. ಹಾಗಾಗಿ ಬಿತ್ತನೆಗೆ ಮುಂಚೆ ನೆಲ ಚೆನ್ನಾಗಿ ಮಾಗಿರಬೇಕು. ಉತ್ತು, ಹೆಂಟೆ ಒಡೆದು, ಮಟ್ಟ ಮಾಡಿದ ಹೊಲದಲ್ಲಿ ಮಾತ್ರ ಇದು ಕೂರಿಗೆ ಹಾಗೆ ನಡೆಯುತ್ತದೆ. ಎರಡೂ ಪಕ್ಕದಲ್ಲಿ ಆಳ ಹಿಡಿಯುವ ಚಕ್ರ ಹಾಕಿಸಿ. ಬರೀ ಹೈಡ್ರಾಲಿಕ್ ಲಿವರ್ ನಂಬಿಕೊಂಡರೆ ಡ್ರೈವರ್ ಕೈ ಹೋದ ಹಾಗೆ ಆಳ ಹೋಗುತ್ತದೆ.

ಸಾಲಿನ ಅಂತರ: 9 ಹಲ್ಲಿನಲ್ಲಿ ಸಾಮಾನ್ಯವಾಗಿ 9 ಇಂಚು ಇರುತ್ತದೆ. ಕಡಲೆಕಾಯಿಗೆ 30 ಸೆಂ.ಮೀ. ಬೇಕು. ಎರಡು ಹಲ್ಲು ಕಳಚಿ, ಉಳಿದ ಏಳನ್ನು ಒಂದು ಅಡಿಗೆ ಸರಿಸಿ ಕ್ಲಾಂಪ್ ಬಿಗಿಸಿ. ಒಂಬತ್ತರಲ್ಲೇ ಬಿತ್ತಿದರೆ ಬೀಜವೂ ಜಾಸ್ತಿ ಹೋಗುತ್ತದೆ, ಆಮೇಲೆ ಸಾಲಿನ ನಡುವೆ ಕಳೆಗೆ ಎಡೆಕುಂಟೆ ಹೊಡೆಯಲು ಜಾಗವೂ ಇರುವುದಿಲ್ಲ. ಸೂಜಿ (ಕಾಯಿ ಕಟ್ಟಲು ಹೂವಿನಿಂದ ಮಣ್ಣಿಗೆ ಇಳಿಯುವ ಎಳೆ) ಇಳಿಯಲು ಶುರುವಾದ ಮೇಲೆ ಹೇಗೂ ಕುಂಟೆ ಹಾಕುವ ಹಾಗಿಲ್ಲ, ಇರುವ ಮೊದಲ 40–45 ದಿನದಲ್ಲೇ ಕಳೆ ಮುಗಿಸಬೇಕು.

ಶಿರಾದಿಂದ, ವೆಲ್ಡಿಂಗ್ ಶಾಪ್

ಈ ಪೆಟ್ಟಿಗೆಗಳನ್ನು ಕೂರಿಸುವುದೂ ರಿಪೇರಿ ಮಾಡುವುದೂ ನನ್ನ ಕೆಲಸ. ಮೇಲಿನವರು ಆಳದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಉಳಿದದ್ದು ಹೇಳುತ್ತೇನೆ.

ಪೆಟ್ಟಿಗೆ ಒಳಗೆ ಬೀಜ ಎಣಿಸುವ ಭಾಗ ಎರಡು ತರ ಬರುತ್ತದೆ. ಒಂದು ಹಲ್ಲುಹಲ್ಲಿನ ರೋಲರ್, ಬೀಜವನ್ನು ಧಾರೆ ತರ ಸುರಿಸುತ್ತದೆ. ಇನ್ನೊಂದು ಓರೆಯಾಗಿ ತಿರುಗುವ ಪ್ಲೇಟ್, ಅಂಚಿನ ಗುಂಡಿಯಲ್ಲಿ ಒಂದೊಂದೇ ಕಾಳು ಎತ್ತಿ ಪೈಪಿಗೆ ಹಾಕುತ್ತದೆ. ಕಡಲೆಬೀಜಕ್ಕೆ ರೋಲರ್ ಬೇಡವೇ ಬೇಡ. ರೋಲರ್ ಮತ್ತು ಗೋಡೆ ನಡುವೆ ಸಿಕ್ಕಿ ಬೇಳೆ ಎರಡಾಗುತ್ತದೆ, ಕೆಂಪು ಸಿಪ್ಪೆ ಹರಿಯುತ್ತದೆ. ಅಂಥ ಬೀಜ ಹುಟ್ಟುವುದಿಲ್ಲ. ಓರೆ ಪ್ಲೇಟೇ ಕೇಳಿ. ಕಡಲೆಬೀಜ, ಜೋಳ, ತೊಗರಿಗೆ ಬೇರೆ ಬೇರೆ ಪ್ಲೇಟ್ ಕೊಡುತ್ತಾರಾ ಅಂತ ಮೊದಲೇ ವಿಚಾರಿಸಿ. ಟಿಎಂವಿ-2 ಕಡಲೆಕಾಯಿ ತಳಿಯ ಕಾಳು ಸಣ್ಣದು. ದಪ್ಪ ಕಾಳಿನ ತಳಿ ಹಾಕುವವರು ತಮ್ಮ ಬೀಜ ಒಂದು ಹಿಡಿ ತಗೊಂಡು ಹೋಗಿ ಗುಂಡಿಯಲ್ಲಿ ಕೂರಿಸಿ ನೋಡಿ.

ಬೀಜ ಒಡೆಯುತ್ತದೆ ಅಂತ ಬರುವವರಿಗೆ ನಾನು ಮೊದಲು ಹೇಳುವುದು, ಪೆಟ್ಟಿಗೆಗೆ ಹಾಕುವ ಮುಂಚೆ ನೂರು ಕಾಳು ಎಣಿಸಿ ಒಡಕು ನೋಡಿ. ಪೈಪಿನಿಂದ ಬಿದ್ದದ್ದರಲ್ಲೂ ನೂರು ಎಣಿಸಿ. ಮಿಷಿನ್‌ನಲ್ಲಿ ಸುಲಿಸಿದ ಬೀಜದಲ್ಲಿ ಎಷ್ಟೋ ಸಲ ಮೊದಲೇ ಒಡಕು ಇರುತ್ತದೆ, ಬೈಗುಳ ಮಾತ್ರ ಪ್ಲೇಟಿಗೆ ಬೀಳುತ್ತದೆ.

ಪೈಪು ಪಾರದರ್ಶಕ ಇರಲಿ. ಕೊನೆಯ ಸಾಲುಗಳ ಪೈಪು ಉದ್ದ ಆಗಿ ಬಾಗಿದರೆ ಬೀಜ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಪೆಟ್ಟಿಗೆ ಎತ್ತರಕ್ಕೆ ಕೂರಿಸಬೇಕು. ಪೈಪಿನ ತುದಿ ಹಲ್ಲಿನ ಹಿಂದೆ ಕಬ್ಬಿಣದ ಬೂಟಿನೊಳಗೆ ಇರಬೇಕು, ಬಾಯಿ ಹಿಂದಕ್ಕೆ ನೋಡಬೇಕು. ಸುಮ್ನೆ ತಂತಿಯಲ್ಲಿ ಕಟ್ಟಿ ಬಿಟ್ಟದ್ದು ಒಂದು ಸುತ್ತಿಗೇ ಮಣ್ಣು ಕಚ್ಚಿಕೊಳ್ಳುತ್ತದೆ. ಬದುವಿನ ಹತ್ತಿರ ತಿರುಗಿಸುವಾಗ ಪೂರ್ತಿ ಎತ್ತಿ. ಇಳಿಸುವಾಗ ಟ್ರ್ಯಾಕ್ಟರ್ ಮುಂದಕ್ಕೆ ಚಲಿಸುತ್ತಿರಲಿ. ನಿಂತ ಜಾಗದಲ್ಲಿ ಇಳಿಸಿದರೆ, ಇಳಿಸಿಕೊಂಡೇ ಹಿಂದಕ್ಕೆ ತಗೊಂಡರೆ, ಬೂಟಿನ ತುಂಬಾ ಮಣ್ಣು.

ಈಗ ಅಳತೆ. ಇದನ್ನು ಮನೆ ಅಂಗಳದಲ್ಲೇ, ಮಳೆಗೆ ಮುಂಚೆ ಮಾಡಿ. ಏಳು ಸಾಲು, ಸಾಲಿಗೆ 30 ಸೆಂ.ಮೀ. ಅಂದರೆ ಅಗಲ 2.1 ಮೀಟರ್. ಒಂದು ಗುಂಟೆ ಬಿತ್ತಲು ಟ್ರ್ಯಾಕ್ಟರ್ 48 ಮೀಟರ್ ಓಡಬೇಕು. ಪ್ಲೇಟ್ ತಿರುಗಿಸುವ ನೆಲಚಕ್ರ 40 ಸೆಂ.ಮೀ. ವ್ಯಾಸದ್ದಾದರೆ ಒಂದು ಸುತ್ತಿಗೆ 126 ಸೆಂ.ಮೀ., 48 ಮೀಟರ್‌ಗೆ 38 ಸುತ್ತು. ಕಲ್ಟಿವೇಟರ್ ಎತ್ತಿ, ಕೆಳಗೆ ಗಟ್ಟಿ ಕಟ್ಟೆ ಕೊಟ್ಟು, ಪ್ರತಿ ಪೈಪಿಗೂ ಒಂದು ಚೀಲ ಕಟ್ಟಿ, ಚಕ್ರವನ್ನು ಕೈಯಲ್ಲಿ 38 ಸುತ್ತು ತಿರುಗಿಸಿ. ಎಕರೆಗೆ 45 ಕೆ.ಜಿ. ಕಡಲೆಬೀಜ ಅಂದುಕೊಂಡರೆ ಎಲ್ಲಾ ಚೀಲ ಸೇರಿ ಸುಮಾರು 1 ಕೆ.ಜಿ. 125 ಗ್ರಾಂ ಬರಬೇಕು, ಒಂದೊಂದರಲ್ಲಿ 160 ಗ್ರಾಂ. ಮೊತ್ತ ಸರಿ ಬಂತು ಅಂತ ಬಿಡಬೇಡಿ, ಚೀಲ ಚೀಲ ತೂಗಿ. ಒಂದರಲ್ಲಿ ಇನ್ನೂರು, ಇನ್ನೊಂದರಲ್ಲಿ ನೂರು ಇದ್ದರೂ ಮೊತ್ತ ಸರಿಯೇ ಕಾಣುತ್ತದೆ.

ಹೊಲದಲ್ಲಿ ನೆಲಚಕ್ರ ಸ್ವಲ್ಪ ಜಾರುತ್ತದೆ. 48 ಮೀಟರ್‌ಗೆ ಗೂಟ ಹೊಡೆದು ಸುತ್ತು ಎಣಿಸಿ. 38ರ ಬದಲು 35 ಬಂದರೆ ಅಷ್ಟು ಬೀಜ ಕಡಿಮೆ ಬೀಳುತ್ತಿದೆ ಅಂತ ಲೆಕ್ಕ, ಚೈನಿನ ಹಲ್ಲುಚಕ್ರ ಬದಲಾಯಿಸಿ ಸರಿ ಮಾಡಿ. ಚಕ್ರಕ್ಕೆ ಮುಳ್ಳು ಇರಲಿ, ಕೆಳಕ್ಕೆ ಒತ್ತುವ ಸ್ಪ್ರಿಂಗ್ ಇರಲಿ. ಚಕ್ರ ನೆಲ ಬಿಟ್ಟಷ್ಟು ದೂರವೂ ಸಾಲು ಖಾಲಿ.

ಚಿಂತಾಮಣಿಯಿಂದ

ರಾಗಿ ವಿಷಯಕ್ಕೆ ನಾನು ಬರುತ್ತೇನೆ. ಕಡಲೆಬೀಜದ ಪ್ಲೇಟಿನಲ್ಲಿ ರಾಗಿ ಆಗುವುದೇ ಇಲ್ಲ. ರಾಗಿಗೆ ರೋಲರ್ ಬೇಕು, ಅದೂ ಬಾಯಿ ಪೂರ್ತಿ ಸಣ್ಣ ಮಾಡಬೇಕು. ಎಕರೆಗೆ 4 ಕೆ.ಜಿ. ಅಂದರೆ ಮೇಲಿನವರ ಗುಂಟೆ ಲೆಕ್ಕದಲ್ಲಿ ಏಳೂ ಪೈಪಿಗೆ ಸೇರಿ 100 ಗ್ರಾಂ, ಒಂದು ಪೈಪಿಗೆ 14 ಗ್ರಾಂ. ಇಷ್ಟು ಸಣ್ಣ ಅಳತೆ ಯಾವ ರೋಲರ್‌ಗೂ ಕಷ್ಟ. ಅದಕ್ಕೇ ಜರಡಿ ಹಿಡಿದ ಒಣ ಮರಳು ಬೆರೆಸುತ್ತೇವೆ. ಆದರೆ ಟ್ರ್ಯಾಕ್ಟರ್ ಅಲುಗಾಟಕ್ಕೆ ಮರಳು, ರಾಗಿ ಬೇರೆ ಬೇರೆ ಆಗುತ್ತವೆ. ಪೆಟ್ಟಿಗೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬದುವಿಗೆ ಬಂದಾಗಲೆಲ್ಲ ಕೈಯಾಡಿಸಿ.

ಇನ್ನೂ ದೊಡ್ಡ ತೊಂದರೆ ಆಳ. ರಾಗಿ 2–3 ಸೆಂ.ಮೀ. ಮೀರಬಾರದು. ಕಲ್ಟಿವೇಟರ್ ಹಲ್ಲು ಅಷ್ಟು ತೆಳ್ಳಗೆ ನಡೆಯುವುದಿಲ್ಲ, ಹೊರಳಾಡುತ್ತದೆ. ನಾವು ಮಾಡಿಸಿರುವುದು ಹೀಗೆ: ಬೂಟನ್ನು ಗುಳದ ತುದಿಗಿಂತ ಮೂರು ಇಂಚು ಮೇಲಕ್ಕೆ ಎತ್ತಿ ಬಿಗಿಸಿದ್ದೇವೆ. ಹಲ್ಲು ಸೀಳಿದ ಜಾಗಕ್ಕೆ ಪಕ್ಕದ ಮಣ್ಣು ಮೊದಲು ಬೀಳುತ್ತದೆ, ಅದರ ಮೇಲೆ ರಾಗಿ ಬೀಳುತ್ತದೆ. ಬೂಟಿಗೆ ಮೇಲೆ ಕೆಳಗೆ ಸರಿಸುವ ಮೂರ್ನಾಲ್ಕು ತೂತು ಕೊರೆಸಿ, ಕಡಲೆಕಾಯಿಗೆ ಒಂದು ತೂತು, ರಾಗಿಗೆ ಒಂದು. ಹಿಂದೆ ಹಗುರವಾದ ಹಲಗೆ ಎಳೆಯಿರಿ, ಮಣ್ಣು ಬೀಜಕ್ಕೆ ಅಂಟಿಕೊಳ್ಳಬೇಕು. ಭಾರದ್ದು ಬೇಡ. ನಮ್ಮ ಕೆಂಪು ಮಣ್ಣು ಬಿತ್ತಿದ ಮಾರನೇ ದಿನ ಜೋರು ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟುತ್ತದೆ, ಅದನ್ನು ತಳ್ಳಿಕೊಂಡು ಬರುವ ಶಕ್ತಿ ರಾಗಿ ಮೊಳಕೆಗೆ ಇಲ್ಲ.

ನೇರವಾಗಿ ಹೇಳುತ್ತೇನೆ. ಎರಡು ಎಕರೆ ರಾಗಿಗೋಸ್ಕರ ರೋಲರ್ ಪೆಟ್ಟಿಗೆ ಬೇರೆ ಹಾಕಿಸಬೇಡಿ. ರಾಗಿ ಡ್ರಿಲ್ ಬಾಡಿಗೆಗೆ ತನ್ನಿ, ಇಲ್ಲ ನೀರಿದ್ದರೆ ನಾಟಿ ಮಾಡಿ. ಜಿಪಿಯು-28 ರಾಗಿ ತಳಿ ನಾಟಿಯಲ್ಲಿ ತೆಂಡೆ (ಬುಡದ ಕವಲು) ಚೆನ್ನಾಗಿ ಒಡೆಯುತ್ತದೆ.

ಗೌರಿಬಿದನೂರಿನಿಂದ

ನಮ್ಮ ಮನೆಯಲ್ಲಿ ಬಿತ್ತನೆ ನೋಡಿಕೊಳ್ಳುವುದು ನಾನು. ಯಾರೂ ಅಕ್ಕಡಿ ಸಾಲಿನ, ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಕಾಳಿನ ಸಾಲಿನ, ಮಾತು ಎತ್ತಲಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ನಮ್ಮ ಕಡೆ ಮೊದಲು ಬಿಟ್ಟುಹೋದದ್ದು ಅದೇ, ನನಗೆ ತುಂಬಾ ಬೇಜಾರಿನ ವಿಷಯ. ಕೂರಿಗೆ ಹಿಂದೆ ಸಡ್ಡೆ (ಬೀಜ ಬಿಡುವ ಒಂಟಿ ಕೊಳವೆ) ಕಟ್ಟಿ ಅವರೆ, ತೊಗರಿ, ಅಲಸಂದೆ ಬಿಡುತ್ತಿದ್ದೆವು. ಮಳೆ ಕೈಕೊಟ್ಟ ವರ್ಷ ಕಡಲೆಕಾಯಿ ಹೋದರೂ ತೊಗರಿ ಮನೆಗೆ ಬರುತ್ತಿತ್ತು. ಪೆಟ್ಟಿಗೆಯಲ್ಲೂ ಇದು ಆಗುತ್ತದೆ. ಓರೆ ಪ್ಲೇಟಿನಲ್ಲಿ ಸಾಲಿಗೊಂದು ಖಾನೆ ಇರುತ್ತದೆ. ಒಂದು ಕೊನೆಯ ಖಾನೆಗೆ ತೊಗರಿ ಪ್ಲೇಟ್ ಹಾಕಿ ತೊಗರಿ ತುಂಬಿ. ಹೋಗುವಾಗ ಬರುವಾಗ ಆ ಸಾಲು ಜೋಡಿಯಾಗುತ್ತದೆ, ಆರು ಆರು ಸಾಲು ಕಡಲೆಕಾಯಿಯ ಪಕ್ಕ ಎರಡು ಸಾಲು ತೊಗರಿ ಸಿಗುತ್ತದೆ. ಜೋಡಿ ಬೇಡ ಅಂದರೆ ಹೋಗುವಾಗ ಮಾತ್ರ ಆ ಖಾನೆ ತುಂಬಿ, ಬರುವಾಗ ಖಾಲಿ ಬಿಡಿ.

ಇನ್ನೊಂದು. ಪೈಪು ನೋಡಿಕೊಳ್ಳುವುದಕ್ಕೆ ಅಂತ ಹುಡುಗರನ್ನು ಕಲ್ಟಿವೇಟರ್ ಮೇಲೆ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ಕಾಲು ಜಾರಿದರೆ ನೇರ ಹಲ್ಲಿನ ಕೆಳಗೆ. ಟ್ರ್ಯಾಕ್ಟರ್ ಲೋ ಎರಡನೇ ಗೇರಿನಲ್ಲಿ ನಡಿಗೆ ವೇಗದಲ್ಲಿ ಹೋದರೆ ಒಬ್ಬರು ಹಿಂದೆ ನಡೆದೇ ಎಲ್ಲಾ ಪೈಪು ನೋಡಬಹುದು. ಬೇಗ ಓಡಿಸಿದರೆ ಪ್ಲೇಟಿನ ಗುಂಡಿಗೂ ಕಾಳು ತುಂಬುವುದಿಲ್ಲ, ಮಧ್ಯೆ ಮಧ್ಯೆ ತಪ್ಪುತ್ತದೆ.

ದುಡ್ಡಿನ ವಿಷಯಕ್ಕೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನ ವಿಚಾರಿಸಿ, ಆಮೇಲೆ ಮುಂಗಡ ಕೊಡಿ. ಮೊದಲೇ ಕೊಂಡು ಬಿಲ್ ತಗೊಂಡು ಹೋದರೆ ಆಗುವುದಿಲ್ಲ. ಕೃಷಿ ಯಂತ್ರಧಾರೆಯಲ್ಲಿ (ಸರ್ಕಾರಿ ಯೋಜನೆಯ ಯಂತ್ರ ಬಾಡಿಗೆ ಕೇಂದ್ರ) ಬಾಡಿಗೆಗೂ ಸಿಗುತ್ತದೆ, ಆದರೆ ಹದ ಬಿದ್ದ ವಾರ ಎಲ್ಲರೂ ಅಲ್ಲೇ ಇರುತ್ತಾರೆ. ನಾಲ್ಕು ಎಕರೆ ಕಡಲೆಕಾಯಿಗೆ ಸ್ವಂತದ್ದು ಬೇಕು ಅನ್ನಿಸುವುದು ಆ ಒಂದು ವಾರಕ್ಕೋಸ್ಕರ. ಅಕ್ಕಪಕ್ಕದ ಇಬ್ಬರು ಮೂವರು ಸೇರಿ ಹಾಕಿಸಿಕೊಂಡರೆ ಇನ್ನೂ ಒಳ್ಳೆಯದು.

ಕೇಳಿದವರು, ಮಧುಗಿರಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ವಂದನೆ. ಕಡಲೆಕಾಯಿಗೆ ಓರೆ ಪ್ಲೇಟ್ ಹಾಕಿಸುತ್ತೇನೆ, ರಾಗಿಗೆ ಬಾಡಿಗೆ ಡ್ರಿಲ್ ನೋಡುತ್ತೇನೆ. ಗೊಬ್ಬರದ ಪೆಟ್ಟಿಗೆಯೂ ಜೊತೆಗೆ ಬೇಕಾ? ಬೀಜೋಪಚಾರ ಮಾಡಿದ ಬೀಜ ಪ್ಲೇಟಿಗೆ ಅಂಟುವುದಿಲ್ವಾ?

ಪಾವಗಡದಿಂದ

ಗೊಬ್ಬರದ ಪೆಟ್ಟಿಗೆ ಹಾಕಿಸಿ, ಆದರೆ ಪೈಪು ಬೇರೆ ಇರಬೇಕು, ಗೊಬ್ಬರ ಬೀಜಕ್ಕಿಂತ ಒಂದೆರಡು ಇಂಚು ಪಕ್ಕಕ್ಕೋ ಕೆಳಕ್ಕೋ ಬೀಳಬೇಕು. ಒಂದೇ ಬೂಟಿನಲ್ಲಿ ಎರಡನ್ನೂ ಬಿಡುವ ಪೆಟ್ಟಿಗೆ ನಮ್ಮ ಖುಷ್ಕಿಗೆ ಬೇಡ. ಹದ ಕಡಿಮೆ ಇದ್ದಾಗ ಗೊಬ್ಬರದ ಉಪ್ಪು ಮೊಳಕೆಯನ್ನು ಸುಡುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಗೊಬ್ಬರ ಒಂದು ಕಾಳೂ ಉಳಿಯದ ಹಾಗೆ ಖಾಲಿ ಮಾಡಿ ಒರೆಸಿ. ರಾತ್ರಿ ತಂಪಿಗೆ ಡಿಎಪಿ ಕರಗಿ ಬೆಳಗ್ಗೆ ಕಲ್ಲಾಗಿರುತ್ತದೆ, ತಗಡೂ ತಿನ್ನುತ್ತದೆ.

ಬೀಜೋಪಚಾರ ಬಿಡಬೇಡಿ. ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಶಿಲೀಂಧ್ರದ ಪುಡಿ) ಕೆ.ಜಿ.ಗೆ 4 ಗ್ರಾಂ ಲೆಕ್ಕದಲ್ಲಿ ಬೆಲ್ಲದ ಅಂಟಿನಲ್ಲಿ ಹಚ್ಚಿ ನೆರಳಲ್ಲಿ ಪೂರ್ತಿ ಆರಿಸಿ. ಬೆಲ್ಲದ ಅಂಟು ಕೈಗೆ ಹತ್ತುತ್ತಿದ್ದರೆ ಇನ್ನೂ ಆರಿಲ್ಲ ಅಂತ. ಆರಿದ ಬೀಜಕ್ಕೆ ಪ್ಲೇಟಿನಿಂದ ಏನೂ ತೊಂದರೆ ಇಲ್ಲ. ಪುಡಿ ಗುಂಡಿಯಲ್ಲಿ ಕೂರುತ್ತದೆ, ಮಧ್ಯಾಹ್ನ ಒಮ್ಮೆ ಬ್ರಷ್ಷಿನಲ್ಲಿ ಉಜ್ಜಿ.

ಪೈಪುಗಳಿಗೆ ಬಣ್ಣದಲ್ಲಿ ಒಂದರಿಂದ ಏಳು ಅಂತ ನಂಬರ್ ಬರೆಯಿರಿ. ಮೊದಲ ಸುತ್ತು ಮುಗಿದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಿ, ಏಳೂ ಸಾಲಿನಲ್ಲಿ ಒಂದೊಂದು ಮಾರು ಮಣ್ಣು ಕೈಯಲ್ಲಿ ಸರಿಸಿ ಬೀಜದ ಆಳ, ಅಂತರ ನೋಡಿ. ಹುಟ್ಟಿದ ಮೇಲೆ ಯಾವುದಾದರೂ ಸಾಲು ತೆಳ್ಳಗೆ ಕಂಡರೆ ಆ ನಂಬರ್ ಇಲ್ಲಿ ಹಾಕಿ. ಅದು ಮುಂದಿನ ಪಟ್ಟಿಯ ಹಲ್ಲೋ ಹಿಂದಿನದೋ ಅಂತಲೂ ಬರೆಯಿರಿ, ಪೈಪಿನ ತೊಂದರೆಯೋ ಆಳದ್ದೋ ಅಂತ ಹೇಳಬಹುದು.